ಪ್ರಶ್ನೆ ಕೇಳದ ಇಪ್ಪತ್ತು ನಿಮಿಷ

ಬೋಧನಾ ಪದ್ಧತಿಗೆ ನಾನು ಆಯ್ದುಕೊಂಡ ವಿಷಯಗಳು ಜೀವವಿಜ್ಞಾನ ಮತ್ತು ರಸಾಯನ ವಿಜ್ಞಾನ. ಇಂಗ್ಲಿಷ್ ನನ್ನ ವಿಷಯವಲ್ಲ. ಹಾಗಿದ್ದರೂ ಈ ಸಂಚಿಕೆಗೆ ಇಂಗ್ಲಿಷ್ ಕಲಿಕೆಯ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ಕೆಂಪು ಶಾಯಿಯ ಒಂದು ಷರಾ. ಇಂಟರ್ನ್‌ಶಿಪ್‌ನ ಎರಡನೇ ವಾರ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣೆಗೆ ಬಂದಾಗ ನನ್ನ ತರಗತಿಯಲ್ಲಿ ಮಕ್ಕಳು ಸುಮ್ಮನೆ ಕುಳಿತು ಕಥೆಪುಸ್ತಕ ಓದುತ್ತಿದ್ದರು. ನಾನೂ ಒಂದು ಪುಸ್ತಕ ಹಿಡಿದು ಓದುತ್ತಿದ್ದೆ. ಸರ್ ಹಿಂದಿನ ಬೆಂಚಿನಲ್ಲಿ ಹದಿನೈದು ನಿಮಿಷ ಕುಳಿತಿದ್ದು, ಎದ್ದು ಹೋಗುವಾಗ ವೀಕ್ಷಣಾ ಹಾಳೆಯಲ್ಲಿ "ಚಟುವಟಿಕೆ ಚೆನ್ನಾಗಿದೆ. ಮೌಲ್ಯಮಾಪನ ಆಗಿಲ್ಲ" ಎಂದು ಬರೆದರು.

ಅವರು ಬರೆದದ್ದು ನಿಜ. ಪಾಠಯೋಜನೆಯ ಕೊನೆಯ ಕಲಂ ಖಾಲಿ ಇತ್ತು. ಆದರೆ ಆ ಕಲಂ ಖಾಲಿ ಇದ್ದುದರಿಂದಲೇ ಆ ಹೊತ್ತು ಆ ಮಕ್ಕಳು ಇಂಗ್ಲಿಷ್ ಓದುತ್ತಿದ್ದರು ಎಂಬುದು ನನ್ನ ಅಭಿಪ್ರಾಯ. ಅಂದು ಅದನ್ನು ಅವರೆದುರು ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಸರ್ ತಪ್ಪು ತಿಳಿಯಬಾರದು.

ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಹೋಗಿದ್ದು ತಾಲ್ಲೂಕು ಕೇಂದ್ರದಿಂದ ಹದಿನಾಲ್ಕು ಕಿಲೋಮೀಟರ್ ದೂರದ ಒಂದು ಸರ್ಕಾರಿ ಪ್ರೌಢಶಾಲೆಗೆ. ಕನ್ನಡ ಮಾಧ್ಯಮ, ಒಂಬತ್ತನೇ ತರಗತಿಯಲ್ಲಿ 38 ಮಕ್ಕಳು. ಇಂಗ್ಲಿಷ್ ಶಿಕ್ಷಕಿ ತರಬೇತಿಗೆ ಹೋಗಿದ್ದರಿಂದ ಅವರ ಅವಧಿಗಳು ಖಾಲಿ ಬೀಳುತ್ತಿದ್ದವು. ಖಾಲಿ ಅವಧಿಗೆ ಪ್ರಶಿಕ್ಷಣಾರ್ಥಿಯನ್ನು ಕಳಿಸುವುದು ಎಲ್ಲ ಶಾಲೆಗಳ ಪದ್ಧತಿ ಎಂದು ನಮ್ಮಲ್ಲಿ ಹೋಗಿಬಂದವರಿಗೆಲ್ಲ ಗೊತ್ತು. ಮುಖ್ಯ ಶಿಕ್ಷಕರು ನನ್ನನ್ನು ಕರೆದು, "ಏನಾದ್ರೂ ಮಾಡಿಸಮ್ಮ, ಗಲಾಟೆ ಆಗದ ಹಾಗೆ ನೋಡ್ಕೊ" ಎಂದರು.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪಠ್ಯಪುಸ್ತಕ ತೆಗೆಸಿ ಒಬ್ಬೊಬ್ಬರಿಂದ ಮೂರು ಮೂರು ಸಾಲು ಗಟ್ಟಿಯಾಗಿ ಓದಿಸಿದೆ. ಮೂರನೇ ಬೆಂಚಿನ ಒಬ್ಬ ಹುಡುಗನ ಸರದಿ ಬಂತು. ವಿಜ್ಞಾನದ ತರಗತಿಯಲ್ಲಿ ಇದೇ ಹುಡುಗ ಎಮ್ಮೆಯ ಮೆಲುಕು ಹಾಕುವಿಕೆಯನ್ನು ನನಗಿಂತ ಚೆನ್ನಾಗಿ ವಿವರಿಸಿದ್ದ. ಈಗ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಒಂದೊಂದು ಪದವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳತೊಡಗಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಏನಿತ್ತೆಂದು ಅವನಿಗೂ ಮರೆತಿತ್ತು, ಕೇಳುತ್ತಿದ್ದ ನಮಗೂ ಮರೆತಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನು ಪುಸ್ತಕ ಮುಚ್ಚಿ, "ನಂಗೆ ಬರಲ್ಲ ಮಿಸ್" ಎಂದು ಕೂತುಬಿಟ್ಟ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರುವಾದದ್ದು 2007-08ರಲ್ಲಿ. ಅಂದರೆ ಈ ಹುಡುಗನಿಗೆ ಇದು ಇಂಗ್ಲಿಷಿನ ಒಂಬತ್ತನೇ ವರ್ಷ.

"ನಂಗೆ ಬರಲ್ಲ" ಎಂದು ಕೂತುಬಿಡುವುದು ನನಗೂ ಹೊಸದಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದವರ ಮೊದಲ ಆರು ತಿಂಗಳು ಹೇಗಿರುತ್ತದೆಂದು ನಮ್ಮ ತರಗತಿಯ ಅರ್ಧ ಜನ ಹೇಳಬಲ್ಲರು. ದ್ಯುತಿಸಂಶ್ಲೇಷಣೆ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರನ್ನು ಬಾಯಿಪಾಠ ಮಾಡಿದ್ದೆ, ಆದರೆ ಆ ಹೆಸರಿನ ಸುತ್ತ ಇದ್ದ ಇಂಗ್ಲಿಷ್ ವಾಕ್ಯ ಅರ್ಥವಾಗುತ್ತಿರಲಿಲ್ಲ. ಎರಡು ವರ್ಷ ಗೈಡ್ ಉರು ಹೊಡೆದು ದಾಟಿದೆ. ಬಿ.ಎಸ್ಸಿ.ಗೆ ಬಂದಾಗ ಹಾಸ್ಟೆಲ್ ಪಕ್ಕದ ರದ್ದಿ ಅಂಗಡಿಯಲ್ಲಿ ಹಳೆಯ ಟಿಂಕಲ್ ಸಂಚಿಕೆಗಳನ್ನು ಕಂತೆ ಕಟ್ಟಿ ಇಟ್ಟಿದ್ದರು, ಒಂದಕ್ಕೆ ಐದು ರೂಪಾಯಿ. ಪರೀಕ್ಷೆ ಮುಗಿದ ಬೇಸರಕ್ಕೆ ನಾಲ್ಕು ತಂದೆ. ಆಮೇಲೆ ರೂಮಿನ ಗೆಳತಿಯ ಹತ್ತಿರ ಅಗಾಥಾ ಕ್ರಿಸ್ಟಿಯ ಒಂದು ಕಾದಂಬರಿ ಸಿಕ್ಕಿತು. ಹತ್ತು ಜನ ಒಂದು ದ್ವೀಪಕ್ಕೆ ಹೋಗುತ್ತಾರೆ, ಒಬ್ಬೊಬ್ಬರಾಗಿ ಸಾಯುತ್ತಾರೆ. ಪುಟಕ್ಕೆ ಹತ್ತು ಪದ ಅರ್ಥವಾಗಲಿಲ್ಲ. ಆದರೆ ಕೊಲ್ಲುತ್ತಿರುವುದು ಯಾರು ಎಂದು ತಿಳಿಯದೆ ನಿದ್ದೆ ಬರುವಂತಿರಲಿಲ್ಲ. ಹಾಸ್ಟೆಲಿನಲ್ಲಿ ಹತ್ತೂವರೆಗೆ ದೀಪ ಆರಿಸುತ್ತಿದ್ದರು, ಮೊಬೈಲ್ ಬೆಳಕಿನಲ್ಲಿ ಓದಿದೆ. ಮಾರನೇ ವಾರ ಪ್ರಾಣಿಶಾಸ್ತ್ರದ ಪುಸ್ತಕ ತೆರೆದಾಗ ವಾಕ್ಯಗಳು ಮೊದಲಿನಷ್ಟು ಉದ್ದ ಕಾಣಲಿಲ್ಲ. ಇದು ನನ್ನೊಬ್ಬಳ ಅನುಭವ, ಇದನ್ನೇ ಪುರಾವೆ ಎನ್ನುವುದಿಲ್ಲ. ಆ ಹುಡುಗ ಕೂತುಬಿಟ್ಟ ಸಂಜೆ ಬಸ್ಸಿನಲ್ಲಿ ನನಗೆ ನೆನಪಾದದ್ದು ಮಾತ್ರ ಆ ರದ್ದಿ ಅಂಗಡಿ.

ಇನ್ನೊಂದು ವಿಷಯ ಹೇಳಬೇಕು. ನಾನು ವಿಜ್ಞಾನದವಳು, ಅಳೆದು ನೋಡುವ ಚಟವಿದೆ. ನಮ್ಮ ಜೊತೆಯ ಇಂಗ್ಲಿಷ್ ವಿಷಯದ ಪ್ರಶಿಕ್ಷಣಾರ್ಥಿಯ ಪಾಠವನ್ನು ವೀಕ್ಷಿಸುವ ಸರದಿ ನನಗೆ ಬಂದಾಗ ಮೊಬೈಲಿನ ಸ್ಟಾಪ್‌ವಾಚ್ ಹಾಕಿಕೊಂಡು ಒಬ್ಬ ಹುಡುಗಿಯನ್ನೇ ಗಮನಿಸಿದೆ. ಪಾಠ ಚೆನ್ನಾಗಿತ್ತು, ಪೀಠಿಕೆ ಇತ್ತು, ಚಾರ್ಟ್ ಇತ್ತು, ಹೊಸ ಪದಗಳನ್ನು ಮಿಂಚುಪಟ್ಟಿಯಲ್ಲಿ ತೋರಿಸಿದರು, ಪ್ರಶ್ನೆ ಕೇಳಿದರು, ಗುಂಪು ಚಟುವಟಿಕೆ ಮಾಡಿಸಿದರು. ನಲವತ್ತು ನಿಮಿಷದಲ್ಲಿ ಆ ಹುಡುಗಿಯ ಕಣ್ಣು ಇಂಗ್ಲಿಷ್ ಸಾಲುಗಳ ಮೇಲೆ ಓಡಿದ್ದು ಸುಮಾರು ನಾಲ್ಕು ನಿಮಿಷ. ಉಳಿದ ಹೊತ್ತು ಇಂಗ್ಲಿಷ್ ಬಗ್ಗೆ ಕನ್ನಡದಲ್ಲಿ ಕೇಳಿಸಿಕೊಂಡಳು, ಉತ್ತರವನ್ನು ಕಪ್ಪುಹಲಗೆಯಿಂದ ನೋಡಿ ಬರೆದುಕೊಂಡಳು. ಇದನ್ನು ಗೆಳತಿಗೆ ತೋರಿಸಿದೆ. ಅವಳು ಬೇಸರ ಮಾಡಿಕೊಳ್ಳದೆ, "ನಿನ್ನ ವಿಜ್ಞಾನದ ಪಾಠದಲ್ಲಿ ಎಷ್ಟು ನಿಮಿಷ ಮಕ್ಕಳು ಪ್ರಯೋಗ ಮಾಡ್ತಾರೆ, ಅದನ್ನೂ ಅಳಿ" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಪುಸ್ತಕಗಳು ಎಲ್ಲಿಂದ ಬಂದವು ಎಂದು ಕೇಳುವವರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೊದಲು ಅಡ್ಡ ಬರುವುದೇ ಈ ಪ್ರಶ್ನೆ. ಶಾಲೆಯಲ್ಲಿ ಪುಸ್ತಕಗಳಿದ್ದವು. ಕಚೇರಿಯ ಬೀರುವಿನಲ್ಲಿ, ಮೊಹರು ಒತ್ತಿ, ದಾಸ್ತಾನು ವಹಿಯಲ್ಲಿ ಸಂಖ್ಯೆ ಹಾಕಿ, ಬೀಗ ಹಾಕಿ ಇಟ್ಟಿದ್ದವು. ಕೆಲವು ಪುಸ್ತಕಗಳ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಕಳೆದರೆ ಯಾರು ಹೊಣೆ ಎಂಬ ಭಯ. ಆ ಭಯ ಸುಳ್ಳಲ್ಲ, ಲೆಕ್ಕ ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೆ ಬರೆದುಕೊಡಬೇಕಾದವರು ಶಿಕ್ಷಕರು, ಮಕ್ಕಳು ಓದಲಿಲ್ಲವೆಂದು ಯಾರೂ ಯಾರಿಂದಲೂ ಬರೆಸಿಕೊಳ್ಳುವುದಿಲ್ಲ. ನಾನು ಬೀರುವಿನ ತಂಟೆಗೆ ಹೋಗಲಿಲ್ಲ. ರದ್ದಿ ಅಂಗಡಿಯಿಂದ ಟಿಂಕಲ್, ಇಂಗ್ಲಿಷ್ ಚಂಪಕ ಸೇರಿ ಹದಿನೆಂಟು ಸಂಚಿಕೆ ತಂದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರು 2015ರಿಂದ ಸ್ಟೋರಿವೀವರ್ ಎಂಬ ತಾಣದಲ್ಲಿ ಮಕ್ಕಳ ಕಥೆಗಳನ್ನು ಉಚಿತವಾಗಿ ಇಟ್ಟಿದ್ದಾರೆ. ಕಥೆಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ, ಎಷ್ಟೋ ಕಥೆಗಳು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇವೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲು ಅನುಮತಿ ಇದೆ. ಎರಡು ಮತ್ತು ಮೂರನೇ ಹಂತದ ಹದಿನಾಲ್ಕು ಕಥೆಗಳನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ ಪಿನ್ ಹೊಡೆದೆ. ಎಲ್ಲ ಸೇರಿ ನನಗಾದ ಖರ್ಚು 310 ರೂಪಾಯಿ. ನಮ್ಮಲ್ಲಿ ಒಂದು ಥರ್ಮೋಕೋಲ್ ಮಾದರಿಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡಿದವರಿದ್ದಾರೆ, ನಾನೂ ಒಬ್ಬಳು.

ಎರಡನೇ ದಿನ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಹೇಳಿದ್ದಿಷ್ಟು: ಇಪ್ಪತ್ತು ನಿಮಿಷ ಓದುವುದು. ಇಷ್ಟವಾದದ್ದನ್ನು ತೆಗೆದುಕೊಳ್ಳಬಹುದು, ಹಿಡಿಸದಿದ್ದರೆ ವಾಪಸಿಟ್ಟು ಬೇರೆ ತೆಗೆದುಕೊಳ್ಳಬಹುದು. ಗೊತ್ತಿಲ್ಲದ ಪದ ಬಂದರೆ ದಾಟಿಕೊಂಡು ಹೋಗಬಹುದು. ನಾನು ಏನೂ ಕೇಳುವುದಿಲ್ಲ. ಮುಂದಿನ ಸಾಲಿನ ಒಬ್ಬಳು ಕೈ ಎತ್ತಿ, "ಆಮೇಲೆ ಕೊಶ್ಚನ್ ಕೇಳ್ತೀರಾ ಮಿಸ್?" ಎಂದಳು. ಇಲ್ಲ ಎಂದೆ. "ಸಾರಾಂಶ ಬರೀಬೇಕಾ?" ಇಲ್ಲ ಎಂದೆ. ನಂಬಲಿಲ್ಲ. ಮೂರು ದಿನ ಅವಳು ನೋಟ್‌ಪುಸ್ತಕ ತೆರೆದಿಟ್ಟುಕೊಂಡು, ಬರುವ ಪ್ರಶ್ನೆಗೆ ತಯಾರಾಗಿಯೇ ಓದಿದಳು. ನಾಲ್ಕನೇ ದಿನ ನೋಟ್‌ಪುಸ್ತಕ ಬ್ಯಾಗಿನಲ್ಲೇ ಉಳಿಯಿತು.

ಮೂರನೇ ಬೆಂಚಿನ ಹುಡುಗ ಮೊದಲ ದಿನ ಚಿತ್ರ ಮಾತ್ರ ನೋಡಿದ. ಎರಡನೇ ದಿನವೂ ಅಷ್ಟೇ. ಐದನೇ ದಿನವೋ ಆರನೇ ದಿನವೋ ಇರಬೇಕು, ಇಡೀ ತರಗತಿ ನಿಶ್ಶಬ್ದವಾಗಿದ್ದಾಗ ಅವನು ಇದ್ದಕ್ಕಿದ್ದಂತೆ ನಕ್ಕ. ಓದುತ್ತಿದ್ದದ್ದು ಟಿಂಕಲ್‌ನ ಸುಪ್ಪಾಂಡಿ ಕಥೆ. ಸುಪ್ಪಾಂಡಿಯನ್ನು ಓದಿದವರಿಗೆ ಗೊತ್ತು, ಯಜಮಾನ ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವುದೇ ಅವನ ಕಥೆಗಳ ಸ್ವಾರಸ್ಯ. ಚಿತ್ರ ನೋಡಿದರೆ ಏನೋ ಎಡವಟ್ಟಾಗಿದೆ ಎಂದು ತಿಳಿಯುತ್ತದೆ, ಆದರೆ ಯಜಮಾನ ಹೇಳಿದ್ದೇನು, ಇವನು ತಿಳಿದುಕೊಂಡದ್ದೇನು ಎಂಬ ಎರಡೂ ವಾಕ್ಯ ಅರ್ಥವಾಗದೆ ನಗು ಬರುವುದಿಲ್ಲ. ಮೊದಲ ದಿನ ಮೂರು ಸಾಲು ಓದಲಾರದೆ ಕೂತ ಹುಡುಗ ಇಂಗ್ಲಿಷಿನ ಒಂದು ಹಾಸ್ಯವನ್ನು, ಯಾರೂ ಬಿಡಿಸಿ ಹೇಳದೆ, ಹಿಡಿದಿದ್ದ. ನನ್ನ ಪಾಲಿಗೆ ಅಂದಿನ ಮೌಲ್ಯಮಾಪನ ಅದು. ಅದನ್ನು ವೀಕ್ಷಣಾ ಹಾಳೆಯ ಯಾವ ಕಲಮಿನಲ್ಲಿ ಬರೆಯುವುದೆಂದು ತಿಳಿಯಲಿಲ್ಲ.

ನಾನು ಅವನ ಬಳಿ ಹೋಗಿ "ಏನಕ್ಕೆ ನಕ್ಕೆ, ಹೇಳು" ಎಂದು ಕೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಕೇಳಿದ್ದರೆ ಅವನು ಎದ್ದು ನಿಲ್ಲುತ್ತಿದ್ದ, ನಗು ಹೋಗುತ್ತಿತ್ತು, ನಾಳೆಯಿಂದ ನಗದೆ ಓದುತ್ತಿದ್ದ ಅಥವಾ ಓದುತ್ತಲೇ ಇರಲಿಲ್ಲ. ಅವಧಿ ಮುಗಿದ ಮೇಲೆ ಅವನೇ ಪಕ್ಕದವನಿಗೆ ಆ ಪುಟ ತೋರಿಸಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದುದನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಸರಿಯಾಗಿಯೇ ಹೇಳಿದ.

ಎಲ್ಲವೂ ಹೀಗೆ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಮೊದಲ ವಾರದ ಕೊನೆಗೆ ಉತ್ಸಾಹ ಹೆಚ್ಚಾಗಿ ನಾನೇ ಒಂದು ಚಾರ್ಟ್ ತಯಾರಿಸಿ ಗೋಡೆಗೆ ಅಂಟಿಸಿದೆ. ಎಡಗಡೆ ಎಲ್ಲರ ಹೆಸರು, ಓದಿದ ಪ್ರತಿ ಪುಸ್ತಕಕ್ಕೆ ಒಂದು ನಕ್ಷತ್ರ. ನಮ್ಮ ಮನೋವಿಜ್ಞಾನದ ನೋಟ್ಸಿನಲ್ಲಿ ಪುನರ್ಬಲನದ ಬಗ್ಗೆ ಆರು ಪುಟ ಬರೆದಿದ್ದೆನಲ್ಲ, ಪ್ರಯೋಗಿಸಿ ನೋಡುವ ಆಸೆ. ಎರಡೇ ದಿನಕ್ಕೆ ಮೂರು ಜನ ಒಂದು ಅವಧಿಗೆ ನಾಲ್ಕು ನಾಲ್ಕು ಪುಸ್ತಕ 'ಮುಗಿಸ'ತೊಡಗಿದರು. ತೆಳ್ಳನೆಯ ಪುಸ್ತಕಗಳಿಗೆ ಜಗಳವಾಯಿತು. "ಮಿಸ್, ಅವ್ನು ಓದ್ತಿಲ್ಲ, ಪುಟ ತಿರುಗಿಸಿ ಸ್ಟಾರ್ ಹಾಕಿಸ್ಕೊಳ್ತಿದಾನೆ" ಎಂದು ಒಬ್ಬಳು ದೂರು ತಂದಳು. ಸುಪ್ಪಾಂಡಿ ಓದಿದ ಹುಡುಗನ ಹೆಸರಿನ ಮುಂದೆ ಎರಡೇ ನಕ್ಷತ್ರವಿತ್ತು, ಅವನು ಮತ್ತೆ ಪುಸ್ತಕದ ಹಿಂದೆ ಮುಖ ಮರೆಸಿಕೊಂಡಿದ್ದ. ಶನಿವಾರ ಚಾರ್ಟ್ ಕಿತ್ತು ಹಾಕಿದೆ. ಗೋಡೆಯಲ್ಲಿ ಟೇಪಿನ ಗುರುತು ಉಳಿದಿದೆ.

ಇನ್ನೊಂದು ದಿನ ರೆಕಾರ್ಡ್ ಬರೆಯುವುದು ಬಾಕಿ ಇತ್ತು. ಮಕ್ಕಳನ್ನು ಓದಲು ಬಿಟ್ಟು ಮೇಜಿನ ಮೇಲೆ ನನ್ನ ರೆಕಾರ್ಡ್ ಬಿಡಿಸಿಕೊಂಡೆ. ಹತ್ತು ನಿಮಿಷದಲ್ಲಿ ತಲೆ ಎತ್ತಿ ನೋಡಿದರೆ ಅರ್ಧ ತರಗತಿ ಗಣಿತದ ಹೋಂವರ್ಕ್ ಮಾಡುತ್ತಿತ್ತು. ಬೈಯಲು ನನಗೆ ಮುಖವಿರಲಿಲ್ಲ. ಮಾರನೇ ದಿನದಿಂದ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಹಿಡಿದು ಕೂತೆ. 1935ರಲ್ಲಿ ಬಂದ ಪುಸ್ತಕ. ಮೈಸೂರಿನಲ್ಲಿ ಬದುಕಿದ ಲೇಖಕರದು, ಶಂಕರನಾಗ್ ಧಾರಾವಾಹಿಯಿಂದ ಮಾಲ್ಗುಡಿಯ ಹೆಸರು ನಮ್ಮ ಮನೆಗಳಲ್ಲೆಲ್ಲ ಗೊತ್ತು. ಪರೀಕ್ಷೆ, ಕ್ರಿಕೆಟ್, ಹೆಡ್‌ಮಾಸ್ಟರ ಬೆತ್ತ ಎಲ್ಲ ಅದರಲ್ಲಿವೆ. ನಾನು ನಗುವಾಗ ಮಕ್ಕಳು ನನ್ನನ್ನು ನೋಡುತ್ತಿದ್ದರು. "ಅದು ನಮ್ಗೆ ಯಾವಾಗ ಕೊಡ್ತೀರ ಮಿಸ್?" ಎಂದು ಕೇಳಿದ್ದು ಆ ನೋಟ್‌ಪುಸ್ತಕದ ಹುಡುಗಿ. ಕೊಟ್ಟೆ. ಎರಡು ದಿನ ಇಟ್ಟುಕೊಂಡು, "ಕಷ್ಟ ಇದೆ, ಆಮೇಲೆ ಓದ್ತೀನಿ" ಎಂದು ಹಿಂದಿರುಗಿಸಿದಳು. ಪುಸ್ತಕ ಕಷ್ಟವೆಂದು ನಾಚಿಕೆಯಿಲ್ಲದೆ ಹೇಳಿ ವಾಪಸು ಕೊಡುವುದೂ ಓದುಗರಿಗೇ ಬರುವ ಬುದ್ಧಿ ಎಂದುಕೊಂಡೆ. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರ ತನ್ನ ಪುಸ್ತಕದಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡುತ್ತಾನೆ. ಆತನೂ ಮೇಷ್ಟ್ರಾಗಿದ್ದವನೇ. ಆ ಪಟ್ಟಿಯ ಮೊದಲ ಹಕ್ಕು ಓದದಿರುವ ಹಕ್ಕು, ಪುಟ ಹಾರಿಸುವ ಹಕ್ಕು ಮತ್ತು ಪುಸ್ತಕ ಮುಗಿಸದಿರುವ ಹಕ್ಕು ಆನಂತರದವು.

ಪುಸ್ತಕ ಆರಿಸುವುದಕ್ಕೆ ಮಕ್ಕಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ, ಅದು ಬಹಳ ಕೆಲಸಕ್ಕೆ ಬಂತು. ಯಾವುದಾದರೂ ಒಂದು ಪುಟ ತೆರೆದು ಓದುತ್ತಾ ಹೋಗುವುದು, ಗೊತ್ತಿಲ್ಲದ ಪ್ರತಿ ಪದಕ್ಕೆ ಒಂದು ಬೆರಳು ಮಡಚುವುದು. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಅದು ಸದ್ಯಕ್ಕೆ ಬೇಡ. ಈ ಲೆಕ್ಕದಲ್ಲಿ ನೋಡಿದರೆ ಒಂಬತ್ತನೇ ತರಗತಿಯ ಇಂಗ್ಲಿಷ್ ಪಠ್ಯ ಆ ತರಗತಿಯ ಮುಕ್ಕಾಲು ಮಕ್ಕಳಿಗೆ ಎರಡನೇ ಸಾಲಿನಲ್ಲೇ ಮುಷ್ಟಿ ಕಟ್ಟಿಸುತ್ತದೆ. ಮಕ್ಕಳೇ ಇದನ್ನು ಪ್ರಯೋಗಿಸಿ ನನಗೆ ತೋರಿಸಿ ನಕ್ಕರು. ಒಂಬತ್ತನೇ ತರಗತಿಯವರಿಗೆ ನಾಲ್ಕನೇ ತರಗತಿಯವರ ಕಥೆ ಕೊಡುವುದು ಅವಮಾನವಲ್ಲವೇ ಎಂದು ನನ್ನ ಸಹಪಾಠಿಯೊಬ್ಬರು ಕೇಳಿದ್ದರು. ಈಜು ಬಾರದವರನ್ನು ಕೆರೆಯ ನಡುವೆ ಇಳಿಸಿ, ದಡದಲ್ಲಿ ಇಳಿಸಿದರೆ ಅವಮಾನ ಎಂದಂತಾಯಿತು ಇದು. ಆದರೆ ಕಥೆಯ ವಿಷಯ ಎಳಸಾಗಿರಬಾರದು ಎಂಬುದನ್ನು ಒಪ್ಪುತ್ತೇನೆ. ಗುಬ್ಬಿ ಕಾಗೆಯ ಕಥೆಗೆ ಹದಿನಾಲ್ಕರ ಹುಡುಗರು ಮೂಗು ಮುರಿದರು, ಶಿಕಾರಿ ಶಂಭುವನ್ನು ಕಿತ್ತಾಡಿ ಓದಿದರು.

ಗೊತ್ತಿರುವ ಕಥೆಯನ್ನು ಇಂಗ್ಲಿಷಿನಲ್ಲಿ ಕೊಟ್ಟಾಗ ಓದು ಸರಾಗವಾಗಿದ್ದನ್ನೂ ಕಂಡೆ. ಇಲಿಗಳನ್ನು ಓಡಿಸಿದ ಕೊಳಲುಗಾರನ ಕಥೆಯ ಸರಳ ಇಂಗ್ಲಿಷ್ ರೂಪವನ್ನು ಮೊದಲ ಪುಟದಲ್ಲೇ ಗುರುತಿಸಿ, "ಇದು ನಮ್ಮ ಕಿಂದರಿಜೋಗಿ!" ಎಂದು ಒಬ್ಬ ಕೂಗಿದ. ಕುವೆಂಪು ಅವರ ಕಿಂದರಿಜೋಗಿಗೆ ಮೂಲ ಇಂಗ್ಲಿಷಿನ ಬ್ರೌನಿಂಗ್ ಕವಿಯ ಪದ್ಯ ಎಂದಾಗ ಅವನಿಗೆ ಆದ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚು. ಕನ್ನಡದಲ್ಲಿ ಓದಿನ ರುಚಿ ಹತ್ತಿದವರೇ ಇಂಗ್ಲಿಷ್ ಪುಸ್ತಕಕ್ಕೂ ಬೇಗ ಕೈ ಹಾಕಿದರು. ಹೀಗಾಗಿ ಎರಡನೇ ವಾರದಿಂದ ರಾಶಿಯಲ್ಲಿ ಕನ್ನಡ ಪುಸ್ತಕಗಳನ್ನೂ ಸೇರಿಸಿದೆ. ಇಂಗ್ಲಿಷ್ ಓದಿಸಿದರೆ ಕನ್ನಡ ಸೊರಗುತ್ತದೆ ಎಂದು ಹೆದರುವವರು ನಮ್ಮಲ್ಲಿ ಇದ್ದಾರೆ. ನನಗೆ ಕಂಡಂತೆ ಕನ್ನಡ ಸೊರಗಿರುವುದು ಆ ಬೀಗ ಹಾಕಿದ ಬೀರುವಿನಲ್ಲಿ, ಇಂಗ್ಲಿಷಿನ ಜೊತೆಗೇ.

ನಮ್ಮ ಹಿರಿಯರು ಕನ್ನಡ ಓದುಗರಾದದ್ದು ಹೇಗೆ ಎಂದು ಯೋಚಿಸಿದರೂ ಸಾಕು. ನಮ್ಮ ಅಜ್ಜ ಓದಿದ್ದು ಐದನೇ ತರಗತಿ. ಅವರ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಇಪ್ಪತ್ತಕ್ಕೂ ಹೆಚ್ಚಿದ್ದವು. ಆಮೇಲೆ ಅವರು ಕುಮಾರವ್ಯಾಸನನ್ನು ಓದಿದರು, ಪೇಪರ್ ಓದಿದರು, ಪಹಣಿಯನ್ನೂ ಓದಿ ಜಗಳ ತೆಗೆದರು. ಪತ್ತೇದಾರ ಪುರುಷೋತ್ತಮನ ಸಾಹಸ ಮುಗಿದ ಮೇಲೆ ಅವರಿಗೆ ಯಾರೂ ಬಿಟ್ಟ ಸ್ಥಳ ತುಂಬಿಸಲಿಲ್ಲ. ಅತ್ತೆ, ಚಿಕ್ಕಮ್ಮಂದಿರು ತ್ರಿವೇಣಿಯವರ ಕಾದಂಬರಿಗಳನ್ನು ಒಲೆಯ ಮುಂದೆ ಕೂತು ಓದಿದ್ದೂ ಹಾಗೆಯೇ. ಓದು ಹೀಗೇ ಬರುತ್ತದೆ ಎಂದು ಕನ್ನಡದ ಮಟ್ಟಿಗೆ ನಮಗೆಲ್ಲ ಗೊತ್ತಿದೆ, ಇಂಗ್ಲಿಷ್ ಎಂದ ಕೂಡಲೇ ಮರೆಯುತ್ತೇವೆ.

ಸಂಶೋಧನೆಯ ಆಧಾರ ಕೇಳುವವರಿಗೆ ಫಿಜಿ ದ್ವೀಪಗಳ ಉದಾಹರಣೆ ಕೊಡುತ್ತೇನೆ. ಅಲ್ಲಿನ ಹಳ್ಳಿಮಕ್ಕಳಿಗೂ ಇಂಗ್ಲಿಷ್ ಮನೆಯ ಭಾಷೆಯಲ್ಲ, ಶಾಲೆಯಲ್ಲಿ ಮಾತ್ರ ಸಿಗುವ ಭಾಷೆ. 1980ರಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಸಂಶೋಧಕರು ಅಲ್ಲಿನ ಗ್ರಾಮೀಣ ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಿಗೆ ತಲಾ 250 ಕಥೆಪುಸ್ತಕ ಕೊಟ್ಟು, ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಓದಲು ಬಿಟ್ಟರು. ಕೆಲವು ತರಗತಿಗಳಲ್ಲಿ ಮಕ್ಕಳು ಮೌನವಾಗಿ ಓದಿದರು, ಇನ್ನು ಕೆಲವರಲ್ಲಿ ಶಿಕ್ಷಕರು ಮಕ್ಕಳೊಂದಿಗೆ ಸೇರಿ ಓದಿದರು. ಉಳಿದ ಶಾಲೆಗಳಲ್ಲಿ ಎಂದಿನ ಪಾಠ ನಡೆಯಿತು. ವರ್ಷದ ಕೊನೆಗೆ ಪುಸ್ತಕ ಸಿಕ್ಕ ಮಕ್ಕಳ ಓದಿನ ಗ್ರಹಿಕೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಬೆಳೆದಿತ್ತು. ಈ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಅಮೆರಿಕದ ಸ್ಟೀಫನ್ ಕ್ರಾಷೆನ್ ಇಂಥದ್ದನ್ನು ಸ್ವಇಚ್ಛೆಯ ಓದು ಎಂದು ಕರೆದು, ಅದರಲ್ಲಿ ವರದಿ ಬರೆಸುವುದಾಗಲಿ ಅಧ್ಯಾಯದ ಕೊನೆಗೆ ಪ್ರಶ್ನೆಯಾಗಲಿ ಇರಬಾರದೆಂದು ಹೇಳಿದ್ದಾರೆ. ನಮ್ಮ ಗ್ರಂಥಾಲಯದಲ್ಲಿ ಕ್ರಾಷೆನ್ ಹೆಸರು ಎಲ್ಲ ಗೈಡ್‌ಗಳಲ್ಲೂ ಇದೆ, ಹತ್ತು ಅಂಕದ ಪ್ರಶ್ನೆಯಾಗಿ.

ಈಗ ನನ್ನ ಪ್ರಯತ್ನದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಆ 38 ಮಕ್ಕಳಲ್ಲಿ ಆರು ಜನಕ್ಕೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಬರುತ್ತಿರಲಿಲ್ಲ. ಅವರಿಗೆ ಇಷ್ಟದ ಪುಸ್ತಕ ಆರಿಸು ಎನ್ನುವುದು ಹಸಿದವರಿಗೆ ಬೀಗ ಹಾಕಿದ ಡಬ್ಬಿ ಕೊಟ್ಟಂತೆ. ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆರಳಿಟ್ಟು ಓದಿ ಹೇಳಿದೆ, ಇಬ್ಬರು ಹಿಡಿದುಕೊಂಡರು, ನಾಲ್ವರಿಗೆ ನನ್ನಿಂದ ಹೆಚ್ಚೇನೂ ಆಗಲಿಲ್ಲ. ಅಕ್ಷರ ಕಲಿಸುವ ಕೆಲಸಕ್ಕೆ ಬೇರೆಯೇ ಸಮಯ ಬೇಕು. ಅಂಕಗಳ ವಿಷಯವೂ ಅಷ್ಟೆ. ನಾಲ್ಕು ವಾರದ ಕೊನೆಯಲ್ಲಿ ನಡೆದ ಕಿರುಪರೀಕ್ಷೆಯಲ್ಲಿ ಇಂಗ್ಲಿಷ್ ಅಂಕ ಹಿಂದಿನಷ್ಟೇ ಇತ್ತು, ಇಬ್ಬರದು ಇಳಿದಿತ್ತು. ಪರೀಕ್ಷೆ ಕೇಳಿದ್ದು ಪಾಠದ ಪ್ರಶ್ನೋತ್ತರ, ಮಕ್ಕಳು ಓದಿದ್ದು ಸುಪ್ಪಾಂಡಿ. ನಾಲ್ಕು ವಾರದಲ್ಲಿ ಅಂಕ ಏರುತ್ತದೆಂದು ನಾನು ಯಾರಿಗೂ ಮಾತು ಕೊಡಲಾರೆ. ಹತ್ತನೇ ತರಗತಿಗೆ ಇದನ್ನು ತನ್ನಿ ಎಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಎಂಟು, ಒಂಬತ್ತನೇ ತರಗತಿಗಳಲ್ಲಿ ವಾರಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷ ಸಿಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಖಾಲಿ ಅವಧಿಗಳನ್ನು ನಾನೇ ಎಣಿಸಿದ್ದೇನೆ.

ಇಷ್ಟು ಹೇಳಿ ನಮ್ಮ ಕಾಲೇಜಿನ ಮಾತು ಆಡದಿದ್ದರೆ ತಪ್ಪಾಗುತ್ತದೆ. ಎರಡು ವರ್ಷದ ಬಿ.ಇಡಿ. ಬಂದಾಗಿನಿಂದ ಪಠ್ಯಗಳನ್ನು ಓದಿ ಚಿಂತಿಸುವುದು ಎಂಬ ಒಂದು ಪ್ರಾಯೋಗಿಕ ವಿಷಯ ನಮಗಿದೆ. ಬೋಧಿಸುವ ವಿಷಯ ಯಾವುದೇ ಇರಲಿ, ಶಿಕ್ಷಕರಾಗುವವರು ಓದುವವರಾಗಲಿ ಎಂಬುದೇ ಅದರ ಉದ್ದೇಶ. ನಾವು ಅದನ್ನು ಮಾಡಿದ್ದು ಹೇಗೆ? ಹಿಂದಿನ ತಂಡದವರ ರೆಕಾರ್ಡ್ ಕೈಯಿಂದ ಕೈಗೆ ಬಂತು, ಎರಡು ರಾತ್ರಿಯಲ್ಲಿ ನಕಲು ಮಾಡಿದೆವು, ಸಹಿ ಆಯಿತು. ನನ್ನ ರೆಕಾರ್ಡಿನಲ್ಲಿ ನಾನು ಕಣ್ಣಲ್ಲೂ ನೋಡದ ಮೂರು ಪುಸ್ತಕಗಳ ವಿಮರ್ಶೆ ಇದೆ, ಅಂಕವೂ ಚೆನ್ನಾಗಿಯೇ ಬಂದಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನೊಬ್ಬಳೇ ಅಲ್ಲ ಎಂದು ಓದುತ್ತಿರುವವರಿಗೆ ಗೊತ್ತು. ನಾವು ಓದದಿರುವುದಕ್ಕೂ ಆ ನೋಟ್‌ಪುಸ್ತಕದ ಹುಡುಗಿ ಮೂರು ದಿನ ಪ್ರಶ್ನೆಗೆ ಕಾದು ಕೂತದ್ದಕ್ಕೂ ಕಾರಣ ಒಂದೇ. ಓದಿದ ಮೇಲೆ ಏನನ್ನಾದರೂ ಬರೆದು ತೋರಿಸಬೇಕು ಎಂದಾಗ, ಬರೆದು ತೋರಿಸಿದರೆ ಸಾಕು, ಓದಬೇಕಾಗಿಲ್ಲ ಎಂಬ ದಾರಿಯೂ ತೆರೆದುಕೊಳ್ಳುತ್ತದೆ.

ಆದ್ದರಿಂದ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟು. ಆ ವಿಷಯದ ಅವಧಿಗಳಲ್ಲಿ ಅರ್ಧವನ್ನಾದರೂ ಸುಮ್ಮನೆ ಓದಲು ಬಿಡಿ, ನೀವೂ ನಮ್ಮ ಜೊತೆ ಕೂತು ಓದಿ, ಕಾದಂಬರಿಯಾದರೂ ಸರಿ. ಕೊನೆಗೆ ರೆಕಾರ್ಡ್ ಕೇಳಬೇಡಿ. ಕೆಲವರು ಮೊಬೈಲ್ ನೋಡುತ್ತಾರೆ, ನೋಡಲಿ, ರೆಕಾರ್ಡ್ ಇದ್ದಾಗಲೂ ಅವರು ಅದನ್ನೇ ಮಾಡುತ್ತಿದ್ದರು. ಇಂಟರ್ನ್‌ಶಿಪ್‌ನಲ್ಲಿ, ಯಾವ ವಿಷಯದವರೇ ಆಗಲಿ, ಓದಿನ ಅವಧಿಯೊಂದನ್ನು ನಡೆಸಿದರೆ ಅದನ್ನೂ ಒಂದು ಪಾಠವೆಂದು ಲೆಕ್ಕಕ್ಕೆ ಹಿಡಿಯಿರಿ. ವೀಕ್ಷಣಾ ಹಾಳೆಯಲ್ಲಿ ಮೌಲ್ಯಮಾಪನದ ಕಲಮಿಗೆ "ಅನ್ವಯಿಸುವುದಿಲ್ಲ" ಎಂದು ಬರೆಯಲು ಅವಕಾಶವಿರಲಿ.

ಕೊನೆಯ ದಿನ ಪುಸ್ತಕಗಳನ್ನು ವಾಪಸು ತರಲಿಲ್ಲ. ಮುಖ್ಯ ಶಿಕ್ಷಕರನ್ನು ಕೇಳಿ, ಬಿಸ್ಕತ್ತಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಒಂಬತ್ತನೇ ತರಗತಿಯ ಕಿಟಕಿ ಕೆಳಗೆ ಇಟ್ಟು ಬಂದೆ. ಅವು ದಾಸ್ತಾನು ವಹಿಯಲ್ಲಿ ಇಲ್ಲ, ಹಾಗಾಗಿ ಕಳೆದರೂ ಯಾರೂ ಬರೆದುಕೊಡಬೇಕಾಗಿಲ್ಲ. ತಂದಿದ್ದ 32ರಲ್ಲಿ ನಾನು ಹೊರಡುವ ದಿನ 29 ಇದ್ದವು. ಕಾಣೆಯಾದ ಮೂರರಲ್ಲಿ ಆ ಸುಪ್ಪಾಂಡಿ ಸಂಚಿಕೆಯೂ ಒಂದು. ಅದನ್ನು ಯಾರು ಒಯ್ದರೆಂದು ನಾನು ವಿಚಾರಿಸಲಿಲ್ಲ. ಮುಂದಿನ ತಂಡದಲ್ಲಿ ಅದೇ ಶಾಲೆಗೆ ಹೋಗುವವರು ಹೊರಡುವ ಮೊದಲು ನನ್ನನ್ನು ಒಮ್ಮೆ ಕಾಣಲಿ, ಬಸ್ ನಿಲ್ದಾಣದ ಹಿಂದಿನ ರದ್ದಿ ಅಂಗಡಿಯಲ್ಲಿ ಇನ್ನೊಂದು ಕಂತೆ ತೆಗೆದಿರಿಸಲು ಹೇಳಿದ್ದೇನೆ.